ಹಾಕಿಯಲ್ಲಿ ಜೋಡಿಯ ಹುಡುಕಾಟ

ರೇಡಿಯೋದಲ್ಲಿ ಹಾಕಿ ಪಂದ್ಯದ ವಿವರಣೆಯನ್ನು ಕೇಳುವಾಗ ನಿಮ್ಮ ನೆನಪಿನಲ್ಲಿ ಉಳಿಯುವುದು ಗೋಲು ಹೊಡೆದವನ ಹೆಸರು. ಮರುದಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದೂ ಅದೇ. ಆದರೆ ಆ ಚೆಂಡನ್ನು ಅವನಿಗೆ ತಲುಪಿಸಿದವನು ಯಾರು ಎಂದು ವಿಚಾರಿಸಿದರೆ ಆಟದ ಇನ್ನೊಂದು ಮುಖ ಕಾಣುತ್ತದೆ. ಒಬ್ಬ ಶ್ರೇಷ್ಠ ಆಟಗಾರನಿಗೆ ತಕ್ಕ ಜೊತೆಗಾರನು ದೊರೆಯುವುದು ಎಷ್ಟು ಕಷ್ಟವೆಂಬುದಕ್ಕೆ ಭಾರತದ ಹಾಕಿಯ ಚರಿತ್ರೆಯೇ ಸಾಕ್ಷಿ.

ಮೊದಲು ಆಟದ ಏರ್ಪಾಟನ್ನು ನೋಡೋಣ. ಹಳೆಯ ಪದ್ಧತಿಯಲ್ಲಿ ಹನ್ನೊಂದು ಮಂದಿಯ ಪೈಕಿ ಐವರು ಮುಂದಿನ ಸಾಲಿನವರು, ಅಂದರೆ ಫಾರ್ವರ್ಡ್‌ಗಳು. ನಡುವೆ ಸೆಂಟರ್ ಫಾರ್ವರ್ಡ್, ಅವನ ಎರಡು ಪಕ್ಕಗಳಲ್ಲಿ ಇನ್‌ಸೈಡ್ ಆಟಗಾರರು, ಅಂಚುಗಳಲ್ಲಿ ವಿಂಗ್ ಆಟಗಾರರು. ಗೋಲಿನ ಮುಂದಿರುವ ಅರೆವೃತ್ತದೊಳಗಿನಿಂದ ಹೊಡೆದರೆ ಮಾತ್ರ ಗೋಲು. ಹಾಗಾಗಿ ಎದುರಾಳಿಗಳು ಅಲ್ಲಿಯೇ ಗುಂಪುಗೂಡುತ್ತಾರೆ. ಇವರನ್ನು ತನ್ನತ್ತ ಸೆಳೆದುಕೊಳ್ಳುವವನೊಬ್ಬ ಬೇಕು. ತೆರವಾದ ಜಾಗಕ್ಕೆ ಸಮಯವರಿತು ನುಗ್ಗುವವನೊಬ್ಬ ಬೇಕು. ಇಬ್ಬರೂ ಸೆಳೆಯುವವರೇ ಆದರೆ, ಅಥವಾ ಇಬ್ಬರೂ ನುಗ್ಗುವವರೇ ಆದರೆ, ಕೆಲಸ ಕೆಟ್ಟಿತು.

ಸ್ಟಿಕ್ಕಿನ ರಚನೆಯೂ ಒಂದು ತೊಡಕು. ಅದರ ಚಪ್ಪಟೆ ಮುಖ ಎಡಗಡೆಗೆ ಮಾತ್ರ; ಎಡಚರಿಗೆಂದು ಬೇರೆ ಸ್ಟಿಕ್ ಇಲ್ಲ. ಬಲ ಅಂಚಿನವನು ಓಡುತ್ತಲೇ ಚೆಂಡನ್ನು ನಡುವಿಗೆ ಹೊಡೆಯಬಲ್ಲ. ಎಡ ಅಂಚಿನವನಾದರೋ ಮೈ ತಿರುಗಿಸಬೇಕು, ಇಲ್ಲವೇ ಸ್ಟಿಕ್ಕನ್ನು ಮಗುಚಬೇಕು. ಆದುದರಿಂದಲೇ ಒಳ್ಳೆಯ ಎಡ ವಿಂಗ್ ಆಟಗಾರನಿಗೆ ಎಲ್ಲ ತಂಡಗಳಲ್ಲೂ ಬೇಡಿಕೆ.

1928ರಲ್ಲಿ ಆಂಸ್ಟರ್‌ಡ್ಯಾಂನಲ್ಲಿ ಭಾರತ ಮೊದಲ ಒಲಿಂಪಿಕ್ ಚಿನ್ನ ಗೆದ್ದಾಗ ಧ್ಯಾನ್‌ಚಂದ್ 14 ಗೋಲು ಹೊಡೆದರು. 1932ರಲ್ಲಿ ಲಾಸ್ ಏಂಜಲೀಸ್‌ಗೆ ಅವರ ತಮ್ಮ ರೂಪ್‌ಸಿಂಗ್ ಕೂಡ ಹೋದರು. ಅಮೆರಿಕದ ವಿರುದ್ಧ ಭಾರತ 24–1ರಿಂದ ಗೆದ್ದ ಪಂದ್ಯದಲ್ಲಿ ತಮ್ಮನದು 10 ಗೋಲು, ಅಣ್ಣನದು 8. ಈ ಜೋಡಿಯನ್ನು ಯಾರೂ ಹುಡುಕಬೇಕಾಗಿರಲಿಲ್ಲ. ಅದು ಮನೆಯಲ್ಲಿಯೇ ಬೆಳೆದದ್ದು.

ಆದರೆ ಇಬ್ಬರಿಂದಲೇ ಸಾಲು ತುಂಬುವುದಿಲ್ಲ. 1936ರಲ್ಲಿ ಬರ್ಲಿನ್‌ಗೆ ಹೋದ ತಂಡದಲ್ಲಿ ಧ್ಯಾನ್‌ಚಂದರೇ ನಾಯಕರು, ರೂಪ್‌ಸಿಂಗರೂ ಇದ್ದರು. ಹಾಗಿದ್ದೂ ಅಭ್ಯಾಸ ಪಂದ್ಯದಲ್ಲಿ ಜರ್ಮನರ ಎದುರು 4–1ರಿಂದ ಸೋಲಾಯಿತು. ಬಲಗಡೆಯ ಇನ್‌ಸೈಡ್ ಸ್ಥಾನಕ್ಕೆ ಅಲಿ ಇಕ್ತಿದಾರ್ ಷಾ ದಾರಾ ಬೇಕೇಬೇಕೆಂದು ಭಾರತಕ್ಕೆ ತಂತಿ ಹೋಯಿತು. ದಾರಾ ವಿಮಾನದಲ್ಲಿ ಹೊರಟು ಸೆಮಿಫೈನಲ್ ವೇಳೆಗೆ ಬಂದು ಸೇರಿದರು. ಫ್ರಾನ್ಸ್ ಎದುರು 10–0. ಆಗಸ್ಟ್ 15ರ ಫೈನಲ್‌ನಲ್ಲಿ ಅದೇ ಜರ್ಮನಿಯ ಎದುರು 8–1. ಜಗತ್ತಿನ ಅತಿ ಶ್ರೇಷ್ಠ ಸೆಂಟರ್ ಫಾರ್ವರ್ಡ್ ಕೂಡ ಪಕ್ಕದಲ್ಲಿ ತಕ್ಕವನು ಬೇಕೆಂದು ಬಯಸಿದ್ದು ಗಮನಿಸಬೇಕಾದ ಸಂಗತಿ. ದೇಶ ವಿಭಜನೆಯಾದ ಮೇಲೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಇದೇ ದಾರಾ ಪಾಕಿಸ್ತಾನದ ನಾಯಕರಾಗಿ ಆಡಿದರು. ಒಂದೇ ಸಾಲಿನಲ್ಲಿ ಆಡಿದವರು ಎರಡು ದೇಶಗಳಿಗೆ ಹಂಚಿಹೋದರು.

ಸ್ವತಂತ್ರ ಭಾರತ ಹೊಸ ಸಾಲನ್ನು ಕಟ್ಟಿತು. ನುಗ್ಗಿ ಹೊಡೆಯುವುದರಲ್ಲಿ ಬಲ್ಬೀರ್ ಸಿಂಗ್, ಚೆಂಡನ್ನು ಆಡಿಸಿ ದಾರಿ ಬಿಡಿಸುವುದರಲ್ಲಿ ಕೆ. ಡಿ. ಸಿಂಗ್ ‘ಬಾಬು’. 1952ರಲ್ಲಿ ಹೆಲ್ಸಿಂಕಿಯ ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ಭಾರತದ 6 ಗೋಲುಗಳ ಪೈಕಿ 5 ಬಲ್ಬೀರರವು. ತಂಡದ ನಾಯಕರು ಬಾಬು.

ಅಷ್ಟರಲ್ಲಿ ಎದುರಾಳಿಗಳೂ ಕಲಿತಿದ್ದರು. 1956, 1960 ಮತ್ತು 1964ರ ಮೂರು ಒಲಿಂಪಿಕ್ ಫೈನಲ್‌ಗಳಲ್ಲಿಯೂ ಭಾರತ ಮತ್ತು ಪಾಕಿಸ್ತಾನಗಳೇ ಎದುರಾದವು. ಮೂರರಲ್ಲಿಯೂ ಸೇರಿ ಬಿದ್ದ ಗೋಲುಗಳು ಮೂರೇ! ಎರಡು ಸಲ ನಾವು ಗೆದ್ದೆವು, ರೋಮಿನಲ್ಲಿ ಸೋತೆವು. 1975ರಲ್ಲಿ ಕೌಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 2–1ರ ಜಯ ತಂದ ಗೋಲು ಧ್ಯಾನ್‌ಚಂದರ ಮಗ ಅಶೋಕ್ ಕುಮಾರರದು. ಕೊಡಗಿನ ಸೋಮವಾರಪೇಟೆಯ ಬಿ. ಪಿ. ಗೋವಿಂದ ಆ ತಂಡದ ಫಾರ್ವರ್ಡ್‌ಗಳಲ್ಲಿ ಒಬ್ಬರು.

1976ರಲ್ಲಿ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಭಾರತಕ್ಕೆ ಏಳನೆಯ ಸ್ಥಾನ. 1980ರಲ್ಲಿ ಮಾಸ್ಕೋದಲ್ಲಿ ಅನೇಕ ಬಲಿಷ್ಠ ತಂಡಗಳು ಗೈರುಹಾಜರಾಗಿದ್ದವು ನಿಜ; ಆದರೂ ಮಹಮ್ಮದ್ ಷಾಹಿದರ ಚೆಂಡಾಟ ಮತ್ತು ಎಡ ಅಂಚಿನಲ್ಲಿ ಜಾಫರ್ ಇಕ್ಬಾಲರ ಓಟ ಒಂದಕ್ಕೊಂದು ಒದಗಿದ್ದು ರಸಿಕರು ಮರೆಯದ ನೋಟ. ಫೈನಲ್‌ನಲ್ಲಿ ಸ್ಪೇನ್ ಎದುರು 4–3ರಿಂದ ಚಿನ್ನ ಬಂತು.

ಆ ಬಳಿಕ ಬಂದ ಧನರಾಜ್ ಪಿಳ್ಳೆ 1992ರಿಂದ 2004ರ ತನಕ ನಾಲ್ಕು ಒಲಿಂಪಿಕ್ಸ್ ಆಡಿದರು. 1998ರಲ್ಲಿ ಅವರ ನಾಯಕತ್ವದಲ್ಲಿ ಏಷ್ಯನ್ ಕ್ರೀಡೆಗಳ ಚಿನ್ನ ಬಂತು. ಒಲಿಂಪಿಕ್ ಪದಕ ಮಾತ್ರ ಒಂದೂ ಬರಲಿಲ್ಲ. ಮುಕೇಶ್ ಕುಮಾರ್, ಗಗನ್ ಅಜಿತ್ ಸಿಂಗ್ ಮೊದಲಾದ ಸಮರ್ಥರು ಜೊತೆಗಿದ್ದರು. ಆದರೆ ಆಟವೇ ಬದಲಾಗುತ್ತಿತ್ತು. ಆಫ್‌ಸೈಡ್ ನಿಯಮ ಹೋಯಿತು. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದೆಂದಾಯಿತು. ಫಾರ್ವರ್ಡ್ ಕೆಲವು ನಿಮಿಷ ಓಡಿ ಹೊರಗೆ ಬರುತ್ತಾನೆ, ಇನ್ನೊಬ್ಬ ಒಳಗೆ ಹೋಗುತ್ತಾನೆ. ಪಂದ್ಯವಿಡೀ ಇಬ್ಬರೇ ಒಟ್ಟಿಗೆ ಇರುವ ಕಾಲ ಮುಗಿಯಿತು. ಸೋಮವಾರಪೇಟೆಯವರೇ ಆದ ಎಸ್. ವಿ. ಸುನಿಲ್ 2012 ಮತ್ತು 2016ರ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಈ ಹೊಸ ಪದ್ಧತಿಯಲ್ಲಿ.

2021ರಲ್ಲಿ ಟೋಕಿಯೋದಲ್ಲಿ ಜರ್ಮನಿಯನ್ನು 5–4ರಿಂದ ಸೋಲಿಸಿ ನಾಲ್ವತ್ತೊಂದು ವರ್ಷಗಳ ಮೇಲೆ ಭಾರತ ಪದಕ ಕಂಡಿತು. 2024ರಲ್ಲಿ ಪ್ಯಾರಿಸಿನಲ್ಲಿ ಮತ್ತೆ ಕಂಚು. ಅಲ್ಲಿ ನಾವು ಹೊಡೆದ 15 ಗೋಲುಗಳಲ್ಲಿ 10 ನಾಯಕ ಹರ್ಮನ್‌ಪ್ರೀತ್ ಸಿಂಗರವು. ಅವರು ಫಾರ್ವರ್ಡ್ ಅಲ್ಲ, ಬ್ಯಾಕ್. ಪೆನಾಲ್ಟಿ ಕಾರ್ನರ್ ಹೊಡೆತದಲ್ಲಿ ನಿಪುಣರು. ಅವರಿಗೆ ಆ ಕಾರ್ನರುಗಳನ್ನು ದೊರಕಿಸಿಕೊಟ್ಟವರು ಬಹುಮಟ್ಟಿಗೆ ಅರೆವೃತ್ತದೊಳಗೆ ನುಗ್ಗಿ ಎದುರಾಳಿಯಿಂದ ತಪ್ಪು ಮಾಡಿಸಿದ ಫಾರ್ವರ್ಡ್‌ಗಳೇ. ಹೀಗೆ ಜೋಡಿಯ ಸ್ವರೂಪ ಬದಲಾಗಿದೆ. ಆದರೆ ಒಂದು ಅಪಾಯವಿದೆ: ಕಾರ್ನರ್ ಹೊಡೆಯುವವನನ್ನು ಎದುರಾಳಿ ಕಟ್ಟಿಹಾಕಿದ ದಿನ ಗೋಲು ಯಾರದು? ಆಗ ಬೇಕಾಗುವುದು ಮುಂದಿನ ಸಾಲಿನ ಹಳೆಯ ಹೊಂದಾಣಿಕೆಯೇ.

ಎತ್ತುಗಳನ್ನು ಕೊಳ್ಳುವ ರೈತನು ಒಂದೊಂದರ ಬಲವನ್ನು ನೋಡಿದರೆ ಸಾಲದು. ಎರಡರ ನಡಿಗೆಯೂ ಹೊಂದಬೇಕು, ಹೊಂದುವವರೆಗೆ ಒಂದೇ ನೊಗದಲ್ಲಿ ಪಳಗಿಸಬೇಕು. ನಮ್ಮ ಶಾಲೆ ಕಾಲೇಜುಗಳಲ್ಲಿ ತಂಡ ಆರಿಸುವವರೂ ಇದನ್ನು ನೆನೆಯುವುದು ಒಳ್ಳೆಯದು. ಒಟ್ಟಿಗೆ ಬೆಳೆದ ಇಬ್ಬರು ಹುಡುಗರನ್ನು ಬೇರ್ಪಡಿಸುವ ಮೊದಲು ಒಂದು ಕ್ಷಣ ಯೋಚಿಸಲಿ. ನೀವಾದರೋ, ಮುಂದಿನ ಪಂದ್ಯದಲ್ಲಿ ಗೋಲಿನ ಕೂಗು ಕೇಳಿದಾಗ, ಅದಕ್ಕೆ ಮೊದಲು ಬಂದ ಹೆಸರನ್ನೂ ನೆನಪಿನಲ್ಲಿಡಿ. ಗೋಲಿನಲ್ಲಿ ಅರ್ಧ ಪಾಲು ಅವನದು.