ಪ್ರೀತಿಯ ಕಾರು, ಮಾರುವವನ ಧರ್ಮ

ಬಹುಕಾಲ ಬಳಸಿದ ವಸ್ತುವನ್ನು ಮಾರಲು ಹೊರಟವನು ಎರಡು ಲೆಕ್ಕಗಳನ್ನು ಒಂದರೊಳಗೊಂದು ಬೆರೆಸಿಬಿಡುತ್ತಾನೆ. ಮಾರುಕಟ್ಟೆ ಕೊಡಬಹುದಾದ ಬೆಲೆ ಒಂದು. ತಾನು ಅದರ ಮೇಲಿಟ್ಟಿರುವ ಮಮತೆ ಇನ್ನೊಂದು. ಕೊಳ್ಳುವವನು ಹಣ ತೆರುವುದು ಮೊದಲನೆಯದಕ್ಕೆ ಮಾತ್ರ. ಹಾಗಾದರೆ ಎರಡನೆಯದರ ಗತಿಯೇನು? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಪ್ರಶ್ನೆ ಪುಸ್ತಕದಾಚೆ ಎದುರಾದದ್ದು 2024ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ನಮ್ಮ ಭಾವನವರು ತಮ್ಮ ಹಳೆಯ ಕಾರನ್ನು ಮಾರಲು ನಿಶ್ಚಯಿಸಿದಾಗ.

ಅದು 1966ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್. ಬಟ್ಟೆಯ ಚಾವಣಿಯನ್ನು ಹಿಂದಕ್ಕೆ ಮಡಚಿದರೆ ಆಕಾಶಕ್ಕೆ ತೆರೆದುಕೊಳ್ಳುವ ಕಾರು. ಮಸ್ಟಾಂಗ್ ಮೊದಲು ಜನರೆದುರು ಬಂದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕ್ ವಿಶ್ವಮೇಳದಲ್ಲಿ. ಗಟ್ಟಿ ಚಾವಣಿಯ ಮಾದರಿಯ ಆರಂಭಿಕ ಬೆಲೆ 2,368 ಡಾಲರ್. ಸಾಧಾರಣ ಸಂಬಳದ ಯುವಕರಿಗೂ ಎಟುಕಿದ ಈ ಕಾರು ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಎಂಜಿನಿಯರಾಗಿ ಅಲ್ಲಿಗೆ ಹೋದ ಭಾವನವರು 1974ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡರು. ನಮ್ಮ ಅಕ್ಕ ಕಾರು ಓಡಿಸಲು ಕಲಿತದ್ದು ಅದರಲ್ಲಿ. ಐವತ್ತು ವರ್ಷ ಅದು ಆ ಮನೆಯ ಸದಸ್ಯನಂತೆಯೇ ಇತ್ತು. 2023ರಲ್ಲಿ ಅಕ್ಕನಿಗೆ ಪಾರ್ಶ್ವವಾಯು ತಗುಲಿತು. ಮಗಳ ಮನೆಯ ಹತ್ತಿರದ ನೆಲಮಹಡಿಯ ಫ್ಲ್ಯಾಟಿಗೆ ಹೋಗುವುದು ಅನಿವಾರ್ಯವಾಯಿತು. ಅಲ್ಲಿ ಗ್ಯಾರೇಜಿಲ್ಲ, ಅಕ್ಕನನ್ನು ನೋಡಿಕೊಳ್ಳುವವರಿಗೆ ಕೊಡಲು ಹಣವೂ ಬೇಕಿತ್ತು.

ತನ್ನದಾದ ಮಾತ್ರಕ್ಕೇ ಮನುಷ್ಯ ವಸ್ತುವಿಗೆ ಹೆಚ್ಚಿನ ಬೆಲೆ ಕಟ್ಟುತ್ತಾನೆಂಬುದನ್ನು ಅರ್ಥಶಾಸ್ತ್ರಜ್ಞರು ಪ್ರಯೋಗದಿಂದಲೇ ತೋರಿಸಿದ್ದಾರೆ. ಕಾಹ್ನೆಮನ್, ನೆಷ್ ಮತ್ತು ಥೇಲರ್ 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಉಳಿದವರಿಗೆ ಅದನ್ನು ಮಾರಲು ಹೇಳಲಾಯಿತು. ಕೆಲವೇ ನಿಮಿಷಗಳ ಹಿಂದೆ ಮಗ್ ಪಡೆದವರು ಕೇಳಿದ ಬೆಲೆ, ಕೊಳ್ಳುವವರು ಕೊಡಲೊಪ್ಪಿದ ಬೆಲೆಯ ಸುಮಾರು ಎರಡು ಪಟ್ಟು! ಕೆಲವು ನಿಮಿಷಗಳ ಒಡೆತನವೇ ಹೀಗೆ ಮಾಡುವುದಾದರೆ ಐವತ್ತು ವರ್ಷಗಳ ಒಡೆತನದ ಮಾತೇನು?

ಮಮತೆಯ ಜೊತೆಗೆ ಆಸೆಯೂ ಕೂಡಿಕೊಂಡರೆ ಲೆಕ್ಕ ಇನ್ನಷ್ಟು ಕೆಡುತ್ತದೆ. ಹವಾನಿಯಂತ್ರಣದ ಪ್ರಸಾರ, ಕುಗ್ಗಿದ ಬೇಡಿಕೆ, ಸುರಕ್ಷತಾ ನಿಯಮಗಳು ಬಿಗಿಯಾಗುವ ಭಯ ಇವೆಲ್ಲ ಸೇರಿ ಎಪ್ಪತ್ತರ ದಶಕದಲ್ಲಿ ಅಮೆರಿಕದ ಕಂಪನಿಗಳು ತೆರೆದ ಕಾರುಗಳನ್ನು ಕೈಬಿಡತೊಡಗಿದವು. 1976ರ ಕ್ಯಾಡಿಲಾಕ್ ಎಲ್ಡೊರಾಡೊ ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದು ಪ್ರಚಾರವಾಯಿತು. ಆ ವರ್ಷ ತಯಾರಾದ 14,000 ಕಾರುಗಳಲ್ಲಿ ಹಲವನ್ನು ಜನರು ಓಡಿಸಲೆಂದಲ್ಲ, ಬಚ್ಚಿಡಲೆಂದೇ ಕೊಂಡರು. ಆದರೆ ಕ್ಯಾಡಿಲಾಕ್ 1984ರಲ್ಲಿ ಕನ್ವರ್ಟಿಬಲ್ಲನ್ನು ಮತ್ತೆ ತಂದಿತು. ಹೂಡಿಕೆಯೆಂದು ನಂಬಿದ್ದವರು ಕೋರ್ಟಿನ ಮೆಟ್ಟಿಲೇರಿದರೂ ಫಲ ಸಿಗಲಿಲ್ಲ.

ಭಾವನವರಿಗೆ ಇಂತಹ ಭ್ರಮೆ ಇರಲಿಲ್ಲ. 1966ರಲ್ಲಿ ತೆರೆದ ಮಸ್ಟಾಂಗ್‌ಗಳೇ 72 ಸಾವಿರಕ್ಕೂ ಹೆಚ್ಚು ತಯಾರಾಗಿದ್ದವೆಂದು ಅವರು ಬಲ್ಲರು. ಅವರ ಚಿಂತೆ ಬೇರೆಯದಾಗಿತ್ತು: ಕಾರಿನ ಬಗ್ಗೆ ಎಷ್ಟು ಹೇಳಬೇಕು?

ಜಾರ್ಜ್ ಅಕರ್‌ಲಾಫ್ ಅವರ 1970ರ ಪ್ರಸಿದ್ಧ ಪ್ರಬಂಧ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿ ಎತ್ತಿಕೊಂಡಿತು. ಮಾರುವವನಿಗೆ ಕಾರಿನ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರುಗಳನ್ನೂ ಶಂಕೆಯಿಂದ ನೋಡಿ ಕಡಿಮೆ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲೊಲ್ಲ. ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಅಕರ್‌ಲಾಫ್ ಅವರಿಗೆ 2001ರಲ್ಲಿ ನೊಬೆಲ್ ಪುರಸ್ಕಾರದ ಪಾಲು ಸಂದಿತು. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುವ, ಮೈಮೇಲಿನ ಸುಳಿ ಹುಡುಕುವ ರೈತನಿಗೆ ಈ ಸಿದ್ಧಾಂತ ಹೊಸದೇನಲ್ಲ.

ತೆರೆದ ಮಸ್ಟಾಂಗ್‌ನ ಹಲ್ಲುಗಳಿರುವುದು ಅದರ ಅಡಿಯಲ್ಲಿ. ಮೇಲೆ ಉಕ್ಕಿನ ಚಾವಣಿ ಇಲ್ಲದ್ದರಿಂದ ಕಾರಿನ ಬಿಗುವನ್ನೆಲ್ಲ ನೆಲದ ತಗಡು ಮತ್ತು ಬಾಗಿಲ ಕೆಳಗಿನ ತೊಲೆಗಳೇ ಹೊರಬೇಕು. ಮುಂಗಾಜಿನ ಬುಡದ ಗಾಳಿಗಂಡಿ ತುಕ್ಕು ಹಿಡಿದರೆ ಮಳೆನೀರು ಒಳಗಿಳಿದು ನೆಲವನ್ನು ತಿನ್ನುತ್ತದೆ. ಮಿಷಿಗನ್ನಿನಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಉಳಿದ ಕೆಲಸವನ್ನು ಮುಗಿಸುತ್ತದೆ. ಇದನ್ನು ಪುಟ್ಟಿ ಮೆತ್ತಿ, ಬಣ್ಣ ಬಳಿದು ಮುಚ್ಚುವುದು ಸುಲಭ. ಗಟ್ಟಿ ಚಾವಣಿಯ ಕಾರನ್ನೇ ಕೊಯ್ದು ಕನ್ವರ್ಟಿಬಲ್ ಎಂದು ಮಾರುವವರೂ ಇದ್ದಾರೆ. ಕಾರಿನ ಗುರುತು ಸಂಖ್ಯೆಯಲ್ಲಿ 08 ಬದಲು 07 ಇದ್ದರೆ ಆ ಗುಟ್ಟು ಹೊರಬೀಳುತ್ತದೆ.

ಭಾವನವರು ಎರಡು ಪುಟಗಳ ಪಟ್ಟಿಯನ್ನೇ ತಯಾರಿಸಿದರು. ಗುರುತು ಸಂಖ್ಯೆ, ಎಂಜಿನ್ ಬಿಚ್ಚಿ ಕಟ್ಟಿಸಿದ ವರ್ಷ, ಚಾವಣಿಯ ಬಟ್ಟೆ ಬದಲಿಸಿದ ವರ್ಷಗಳು, ಮುಂಗಾಜಿನ ಬುಡದ ಸೋರಿಕೆ, ಬಲಗಡೆಯ ನೆಲಕ್ಕೆ ಹಾಕಿಸಿದ ತೇಪೆ, ಎಡಗಡೆ ಹೊಸದಾಗಿ ಕಾಣಿಸಿಕೊಂಡ ತುಕ್ಕು, ಎಲ್ಲವೂ ಅದರಲ್ಲಿದ್ದವು. ಮಗಳು ಆಕ್ಷೇಪಿಸಿದಳು: ‘ಅಪ್ಪಾ, ಕೇಳಿದರೆ ಹೇಳಿ. ಕೇಳದವರಿಗೂ ಯಾಕೆ ಹೇಳಬೇಕು?’ ಭಾವನವರ ಉತ್ತರ ಚಿಕ್ಕದಾಗಿತ್ತು: ‘ಕೇಳಲು ತಿಳಿಯದವನೇ ಅಲ್ಲವೇನಮ್ಮ ಮೋಸಹೋಗುವುದು?’

ಪಟ್ಟಿ ಓದಿದ ಇಬ್ಬರು ಹಿಂದೆ ಸರಿದರು. ಮೂರನೆಯವನು ಅಯಸ್ಕಾಂತ ಹಿಡಿದು ಬಂದ. ಪುಟ್ಟಿಗೆ ಅದು ಕಚ್ಚುವುದಿಲ್ಲವೆಂದು ಬಲ್ಲವನು. ಕಾರಿನ ಅಡಿಗೆ ನುಸುಳಿ ಪಟ್ಟಿಯ ಒಂದೊಂದು ಸಾಲನ್ನೂ ತಾಳೆ ನೋಡಿದ. ನೆಲ ಸರಿಪಡಿಸುವ ಖರ್ಚನ್ನಷ್ಟೇ ಕಳೆದು, ಉಳಿದುದನ್ನು ಚೌಕಾಸಿಯಿಲ್ಲದೆ ಕೊಟ್ಟ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಮೂರು ಸಾವಿರ ಡಾಲರ್ ಬರುತ್ತಿತ್ತೆಂಬುದು ಮಗಳ ಲೆಕ್ಕ. ಅವಳ ಲೆಕ್ಕ ತಪ್ಪೆಂದು ನಾನು ವಾದಿಸಲಾರೆ. ಅಕ್ಕನ ಆರೈಕೆಯ ಖರ್ಚು ನೋಡಿದವರಿಗೆ ಅದು ಸಣ್ಣ ಮೊತ್ತವೂ ಅಲ್ಲ.

ಆದರೂ ನನ್ನ ಆರಂಭದ ಪ್ರಶ್ನೆಗೆ ಉತ್ತರ ಆ ಎರಡು ಪುಟಗಳಲ್ಲಿದೆ ಎಂದೇ ನನ್ನ ನಂಬಿಕೆ. ಮಮತೆಯನ್ನು ಬೆಲೆಗೆ ಸೇರಿಸಿ ಕೊಳ್ಳುವವನ ತಲೆಗೆ ಕಟ್ಟುವ ಹಕ್ಕು ಯಾರಿಗೂ ಇಲ್ಲ. ಆದರೆ ಪ್ರೀತಿಸಿದವನಿಗೆ ಮಾತ್ರ ಗೊತ್ತಿರುವ ಸಂಗತಿಗಳಿರುತ್ತವೆ. ಐವತ್ತು ವರ್ಷ ಆರೈಕೆ ಮಾಡಿದವನಷ್ಟು ಒಂದು ಯಂತ್ರದ ದೋಷಗಳನ್ನು ಬಲ್ಲವರಾರು? ಆ ತಿಳಿವನ್ನು ವಸ್ತುವಿನ ಜೊತೆಗೇ ದಾಟಿಸಿದರೆ ಕೊಂಡವನು ಮೋಸಹೋಗುವುದಿಲ್ಲ, ವಸ್ತುವೂ ಇನ್ನಷ್ಟು ಕಾಲ ಬಾಳುತ್ತದೆ. ಕಾನೂನು ಎಲ್ಲ ಕಡೆಯೂ ಇಣುಕಿ ನೋಡಲಾರದು; ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಇದನ್ನು ಅನುಭವದಿಂದಲೇ ಹೇಳಬಲ್ಲೆ. ಅಂತಹ ಎಡೆಗಳಲ್ಲಿ ಪೇಟೆಯನ್ನು ಕಾಯುವುದು ಮಾರುವವನ ಮಾತು.

ನಮ್ಮ ಓದುಗರಲ್ಲಿ ಅಮೆರಿಕದ ತೆರೆದ ಕಾರು ಉಳ್ಳವರು ವಿರಳ. ಆದರೆ ಹಳೆಯ ಸ್ಕೂಟರೋ, ಕಾರೋ, ಮನೆಯೋ ಮಾರುವ ಪ್ರಸಂಗ ಬಹುಮಂದಿಗೆ ಬರುತ್ತದೆ. ಆಗ ಬೀಗದ ಕೈ ಒಪ್ಪಿಸುವ ಮೊದಲು ಒಂದು ಹಾಳೆ ತೆಗೆದುಕೊಂಡು, ಅದು ಎಲ್ಲಿ ಸೋರುತ್ತದೆಂದು ಬರೆದುಕೊಡುವುದು ಕಷ್ಟದ ಕೆಲಸವೇನಲ್ಲ.