ಗಾಡಿ ತುಂಬ ಈರುಳ್ಳಿ, ಕಣ್ಣು ತುಂಬ ನಿದ್ದೆ

ಹಿರಿಯೂರು ಕಡೆಯಿಂದ ಯಶವಂತಪುರ ಎಪಿಎಂಸಿಗೆ ಈರುಳ್ಳಿ ಹೊರಡೋದು ಹೆಚ್ಚಾಗಿ ರಾತ್ರಿ. ಬೆಳಗ್ಗೆ ಐದಕ್ಕೆ ಎದ್ದು, ಹಗಲೆಲ್ಲ ಗೆಡ್ಡೆ ಆರಿಸಿ, ಚೀಲ ತುಂಬಿ, ಪಿಕಪ್‌ಗೆ ಲೋಡ್ ಮಾಡಿದವನೇ ಸ್ಟೇರಿಂಗ್ ಹಿಡೀತಾನೆ. ಡ್ರೈವರ್ ಬಾಟಾ ಉಳಿಯುತ್ತೆ ಅನ್ನೋದು ಲೆಕ್ಕ.

ಇನ್ನೊಂದು ಲೆಕ್ಕ ನೋಡಿ. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವರಷ್ಟೇ ಕುಗ್ಗಿರುತ್ತೆ ಅಂತ ಪರೀಕ್ಷೆಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ. ಅಂದರೆ ಐದಕ್ಕೆ ಎದ್ದವರು ರಾತ್ರಿ ಹತ್ತಕ್ಕೆ ಹೊರಟರೆ, ಹನಿ ಮುಟ್ಟದಿದ್ದರೂ ಕುಡಿದು ಓಡಿಸಿದ ಹಾಗೇ. ಪೊಲೀಸರ ಯಂತ್ರಕ್ಕೆ ಮಾತ್ರ ಇದು ಸಿಗಲ್ಲ.

ಕಣ್ಣು ತೆರೆದೇ ಇದ್ದರೂ ಮೆದುಳು ನಾಲ್ಕು ಸೆಕೆಂಡ್ ಮಲಗಿಬಿಡಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಗಾಡಿ 66 ಮೀಟರ್ ದಾಟಿರುತ್ತೆ. ಮುಂದೆ ರಿಫ್ಲೆಕ್ಟರ್ ಇಲ್ಲದ ಟ್ರಾಕ್ಟರ್ ಟ್ರೇಲರ್ ಇದ್ದರೆ? ರಾತ್ರಿ ಎರಡರಿಂದ ಬೆಳಗಿನ ಜಾವದವರೆಗೆ ಈ ಅಪಾಯ ಹೆಚ್ಚು. ರಸ್ತೆ ನೆಟ್ಟಗಿದ್ದಷ್ಟೂ ಜೋಂಪು ಜಾಸ್ತಿ.

ಕಿಟಕಿ ಇಳಿಸೋದು, ಹಾಡು ಜೋರು ಮಾಡೋದು, ಮುಖಕ್ಕೆ ನೀರು ಎರಚಿಕೊಳ್ಳೋದು ಎಲ್ಲ ಕೆಲವೇ ನಿಮಿಷದ ಆಟ. ಆಕಳಿಕೆ ನಿಲ್ತಿಲ್ಲ, ಹಿಂದಿನ ಎರಡು ಕಿಲೋಮೀಟರ್ ನೆನಪಿಲ್ಲ, ಚಕ್ರ ಬಿಳಿ ಗೆರೆ ಮೇಲೆ ಹೋಗ್ತಿದೆ ಅಂದ್ರೆ ಗಾಡಿ ನಿಲ್ಲಿಸಿ. ಹೆದ್ದಾರಿ ಅಂಚಲ್ಲಿ ಬೇಡ, ಪೆಟ್ರೋಲ್ ಬಂಕ್ ಅಥವಾ ಡಾಬಾ ಅಂಗಳದಲ್ಲಿ. ಒಂದು ಕಾಫಿ ಕುಡಿದು, ಮೊಬೈಲಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಕಾಫಿ ಕೆಲಸ ಶುರು ಮಾಡೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. (ಆ 20 ನಿಮಿಷ ರೀಲ್ಸ್ ನೋಡೋಕಲ್ಲ!) ಎದ್ದ ಕೂಡಲೇ ಹೊರಡಬೇಡಿ, ಟೈರು, ಹಗ್ಗ ನೋಡ್ತಾ ಗಾಡಿಗೆ ಒಂದು ಸುತ್ತು ಬನ್ನಿ. ಇದರಿಂದ ಸಿಗೋದು ಸ್ವಲ್ಪ ಹೊತ್ತಿನ ಎಚ್ಚರ ಅಷ್ಟೇ, ರಾತ್ರಿಯಿಡೀ ಬರಲ್ಲ.

ಧೂಳಿಗೆ ಸೀನು ಬಂತು ಅಂತ ಸೆಟಿರಿಜಿನ್, ಕ್ಲೋರ್‌ಫೆನಿರಮಿನ್ ಮಾತ್ರೆ ನುಂಗಿ ಹೊರಡಬೇಡಿ. ಎರಡೂ ನಿದ್ದೆ ತರುತ್ತವೆ.

ವಾಪಸ್ ಬರೋದನ್ನ ಯಾರೂ ಲೆಕ್ಕಕ್ಕೇ ಇಡಲ್ಲ. ಹರಾಜು ಮುಗಿಸಿ, ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಎರಡರ ಬಿಸಿಲಲ್ಲಿ ಖಾಲಿ ಗಾಡಿ. ಆ ಹೊತ್ತಿಗೂ ದೇಹ ತೂಕಡಿಸುತ್ತೆ. ಮಂಡಿಯಲ್ಲೇ ಎರಡು ಗಂಟೆ ಮಲಗಿ ಹೊರಡಿ.

ನನ್ನ ಕೇಳಿದರೆ, ಲೋಡ್ ಮಾಡೋ ಸಂಜೆ ಗಾಡಿ ಓಡಿಸೋರು ಚೀಲ ಮುಟ್ಟಲೇಬಾರದು. ಆ ಕೆಲಸ ಅಣ್ಣತಮ್ಮಂದಿರು ನೋಡ್ಕೊಳ್ಳಲಿ, ಇವರು ಉಂಡು ಮಲಗಲಿ. ಅದೂ ಆಗಲ್ಲ ಅಂದ್ರೆ ಪಕ್ಕದ ಹೊಲದವರ ಮಾಲೂ ಸೇರಿಸಿ ಒಂದೇ ಗಾಡಿ ಮಾಡಿ. ಡ್ರೈವರ್ ಬಾಟಾ ಇಬ್ಬರಿಗೂ ಅರ್ಧರ್ಧ ಬೀಳುತ್ತೆ.