ರಾಗಿಯ ಪಹಣಿ ಮತ್ತು ಹೊಲದ ಸತ್ಯ

ಕಂದಾಯ ಇಲಾಖೆಯಲ್ಲಿ ದುಡಿದವರಿಗೆ ಒಂದು ಪಾಠ ಬೇಗನೆ ದಕ್ಕುತ್ತದೆ: ಪಹಣಿಯಲ್ಲಿ ಬರೆದಿರುವುದೆಲ್ಲ ಹೊಲದಲ್ಲಿ ಇರುವುದಿಲ್ಲ. ಬರದ ವರ್ಷವೊಂದರಲ್ಲಿ ಬೆಳೆಹಾನಿ ಪರಿಶೀಲನೆಗೆ ಹೋಗಿದ್ದಾಗ, ದಾಖಲೆಯಲ್ಲಿ ರಾಗಿ ಎಂದಿದ್ದ ಜಮೀನಿನಲ್ಲಿ ನಾನು ಕಂಡದ್ದು ಬಿರುಕು ಬಿಟ್ಟ ನೆಲ. ಪಕ್ಕದ ಹೊಲದಲ್ಲಿ ಮಾತ್ರ ಪೈರು ತೆನೆ ಬಿಟ್ಟು ನಿಂತಿತ್ತು. ಅದೇ ಮಣ್ಣು, ಅದೇ ಮಳೆ. ‘ಬೀಜದ ಗುಣ ಸ್ವಾಮಿ’ ಎಂದರು ರೈತರು. ಆ ಗುಣದ ಬೆನ್ನು ಹತ್ತಲು ನನಗೆ ನಿವೃತ್ತಿಯ ಬಿಡುವೇ ಬೇಕಾಯಿತು.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು ಎಂಎಲ್-365 ಎಂಬ ರಾಗಿ ತಳಿಯ ಜೀನೋಮ್ ಪ್ರಕಟಿಸಿತು. ಗುರುತಿಸಿದ ವಂಶವಾಹಿಗಳು 85,243. ಬರಕ್ಕೆ ಸ್ಪಂದಿಸುವಂಥವು 2,866. ಕ್ಯಾಲ್ಸಿಯಂ ಸಾಗಣೆ ಮತ್ತು ಸಂಗ್ರಹಕ್ಕೆ ಸಂಬಂಧಿಸಿದವು 330.

ಈ ಬಗೆಯ ಶೋಧ ನಡೆಯುವುದು ಬಹುಮಟ್ಟಿಗೆ ಗಣಕಯಂತ್ರದಲ್ಲಿ. ಭತ್ತದಂಥ ಬೆಳೆಯಲ್ಲಿ ಕೆಲಸ ತಿಳಿದಿರುವ ಒಂದು ವಂಶವಾಹಿ ಕುಟುಂಬವನ್ನು ಆರಿಸಿ, ಅದರ ಎಲ್ಲ ಸದಸ್ಯರಲ್ಲೂ ಇರುವ ಗುರುತಿನ ಭಾಗವನ್ನು ಹಿಡಿದು, ರಾಗಿಯ ಇಡೀ ಜೀನೋಮ್ ಅನ್ನು ಜಾಲಾಡುತ್ತಾರೆ. ಸಿಕ್ಕವುಗಳ ವಂಶವೃಕ್ಷ ಬರೆಯುತ್ತಾರೆ. ನಮ್ಮ ಅವಿಭಕ್ತ ಕುಟುಂಬಗಳ ಹಿಸ್ಸೆಯನ್ನೇ ಇದು ನೆನಪಿಸುತ್ತದೆ. ಮೂಲ ವಂಶವಾಹಿಯ ಪ್ರತಿಗಳಲ್ಲಿ ಒಂದು ಹಳೆಯ ಕಸುಬು ಮುಂದುವರಿಸುತ್ತದೆ, ಇನ್ನೊಂದು ಹೊಸ ಕೆಲಸ ಹಿಡಿಯುತ್ತದೆ, ಮತ್ತೊಂದು ಬೀಳುಬಿಡುತ್ತದೆ. ಎರಡು ಪೂರ್ವಜ ಪ್ರಭೇದಗಳ ಜೀನೋಮ್ ಕೂಡಿ ಹುಟ್ಟಿದ ರಾಗಿಯಲ್ಲಿ ಇಂಥ ದಾಯಾದಿಗಳು ಹೆಚ್ಚು.

ವಂಶವಾಹಿ ಇರುವುದು ಬೇರೆ, ದುಡಿಯುವುದು ಬೇರೆ. ಆದ್ದರಿಂದ ಬೇರು, ಎಲೆ, ತೆನೆಗಳಲ್ಲಿ, ನೀರಿದ್ದಾಗ ಮತ್ತು ಇಲ್ಲದಾಗ, ಯಾವುದರ ಆರ್‌ಎನ್‌ಎ ಎಷ್ಟು ತಯಾರಾಗುತ್ತದೆ ಎಂದು ಅಳೆಯುತ್ತಾರೆ. ಪಹಣಿಯಲ್ಲಿ ಮಾಲೀಕನ ಹೆಸರಿನ ಜೊತೆಗೆ ಈ ಹಂಗಾಮಿನ ಬೆಳೆಯನ್ನೂ ಬರೆದಂತೆ ಇದು.

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಎಚ್ಚರಿಕೆ ಹೇಳಬೇಕು. ಜೊತೆಯಾಗಿ ಏರಿದ್ದೆಲ್ಲ ಕಾರಣವಲ್ಲ. ಬರದಲ್ಲಿ ಚುರುಕಾದ ವಂಶವಾಹಿ ಗಿಡವನ್ನು ಕಾಪಾಡಿದ್ದೂ ಇರಬಹುದು, ಗಿಡ ಪಟ್ಟ ಕಷ್ಟದ ಲಕ್ಷಣವಷ್ಟೇ ಆಗಿರಬಹುದು. ಅದನ್ನು ತೀರ್ಮಾನಿಸಲು ಆ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿ ನೋಡಬೇಕು, ತಳಿ ಸಂಕರ ಮಾಡಬೇಕು, ಹಲವು ಹಂಗಾಮು ಹೊಲದಲ್ಲಿ ಪರೀಕ್ಷಿಸಬೇಕು. ಪಟ್ಟಿ ಮಾಡುವ ಕೆಲಸ ಅಗ್ಗವಾಗಿದೆ. ಪರೀಕ್ಷೆ ಇಂದಿಗೂ ದುಬಾರಿ. ಆದ್ದರಿಂದಲೇ ಪಟ್ಟಿಗಳು ಬೆಳೆಯುತ್ತವೆ, ಪರೀಕ್ಷೆ ಹಿಂದೆ ಬೀಳುತ್ತದೆ.

ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಅವರ ಕೈಯಲ್ಲಿ ಇಂಥ ಪಟ್ಟಿ ಇರಲಿಲ್ಲ, ಹೊಲವಿತ್ತು, ತಾಳ್ಮೆಯಿತ್ತು. ಇಂದು ಪಟ್ಟಿಯಿದೆ. ಅದು ಅವರಂಥವರ ಶ್ರಮವನ್ನು ಎಷ್ಟೋ ಹಗುರಗೊಳಿಸಬಲ್ಲದು, ಆದರೆ ಅದರ ಸ್ಥಾನವನ್ನು ತುಂಬಲಾರದು.

ರಾಗಿ ಸ್ವಪರಾಗಸ್ಪರ್ಶದ ಬೆಳೆ. ರೈತ ತನ್ನ ಬೀಜವನ್ನು ತಾನೇ ಎತ್ತಿಡಬಲ್ಲ. ಹಾಗಾಗಿ ಇದರಲ್ಲಿ ಹಣ ಹೂಡಲು ಬೀಜ ಕಂಪೆನಿಗೆ ಲಾಭದ ಆಸೆ ಕಡಿಮೆ, ಹೊಣೆ ಸರ್ಕಾರದ್ದೇ. ವಂಶವಾಹಿ ಶೋಧಕ್ಕೆ ಅನುದಾನ ಕೊಡುವಾಗಲೇ ಕ್ಷೇತ್ರ ಪರೀಕ್ಷೆಗೂ ಹಣ ತೆಗೆದಿರಿಸಲಿ. ಪ್ರಬಂಧಗಳ ಜೊತೆಗೆ ರೈತನ ಕೈಸೇರಿದ ಬೀಜವನ್ನೂ ಲೆಕ್ಕ ಹಿಡಿಯಲಿ. ಆ ಎರಡು ಹೊಲಗಳ ನಡುವಣ ವ್ಯತ್ಯಾಸವನ್ನು ಅಳಿಸುವ ದಾರಿ ಅದೇ.